ಗುಂಡ, ಚೆನ್ನಿ ಮತ್ತು ನಮ್ಮ ಮನೆಯ ಧನುರ್ಮಾಸ

ಬೆಳಗಿನ ಜಾವ ನಾಲ್ಕೂವರೆಗೆ ಅಮ್ಮನ ಕೋಣೆಯ ಚಿಲಕ ಸದ್ದಾಯಿತು. ಗುಂಡನಿಗೆ ಅಷ್ಟು ಸಾಕು. ಎದ್ದು ಮೈ ಕೊಡವಿದ. 36 ಕಿಲೋ ತೂಕದ ಲ್ಯಾಬ್ರಡಾರ್ ಮೈ ಕೊಡವಿದರೆ ಕಿವಿ ಪಟಪಟ ಬಡಿಯುವ ಸದ್ದು ಮಹಡಿಯವರೆಗೂ ಕೇಳುತ್ತದೆ. ಬಾಲ ಒಮ್ಮೆ ಕುರ್ಚಿಗೆ ಬಡಿಯಿತು, ಒಮ್ಮೆ ಗೋಡೆಗೆ. ಸೋಫಾದ ಮೂಲೆಯ ಕಂಬಳಿಯೊಳಗಿಂದ ಚೆನ್ನಿಯ ಉದ್ದ ಮೂತಿ ಮಾತ್ರ ಹೊರಗೆ ಬಂತು. ಹೊರಗಿನ ಚಳಿ ಮೂಗಿಗೆ ತಾಗಿರಬೇಕು, ಮತ್ತೆ ಒಳಗೆ ಹೋಯಿತು.

ಅದು 2023ರ ಧನುರ್ಮಾಸದ ಮೊದಲ ದಿನ. ಡಿಸೆಂಬರ್ ನಡುವಿನಲ್ಲಿ ಶುರುವಾಗಿ ಸಂಕ್ರಾಂತಿಯ ತನಕ ಒಂದು ತಿಂಗಳು ಸೂರ್ಯ ಹುಟ್ಟುವ ಮುಂಚೆಯೇ ದೇವಸ್ಥಾನಗಳಲ್ಲಿ ಪೂಜೆ, ಆಮೇಲೆ ದೊನ್ನೆಯಲ್ಲಿ ಬಿಸಿಬಿಸಿ ಹುಗ್ಗಿ. ಮಂಡ್ಯ ಹತ್ತಿರದ ಹಳ್ಳಿಯಿಂದ ಅಮ್ಮ ಮೈಸೂರಿನ ನಮ್ಮ ಮನೆಗೆ ಬಂದು ಉಳಿಯುವುದು ವರ್ಷದಲ್ಲಿ ಆ ಒಂದು ತಿಂಗಳು. ಮಗಳಿಗೆ ಕ್ರಿಸ್‌ಮಸ್ ರಜೆ. ದಾವಣಗೆರೆಯಿಂದ ಅಕ್ಕ, ಭಾವ, ಅವರ ಇಬ್ಬರು ಮಕ್ಕಳು ಬರುತ್ತಾರೆ. ಎರಡು ಬೆಡ್‌ರೂಮಿನ ಮನೆಯಲ್ಲಿ ಎಂಟು ಜನ, ಎರಡು ದೊಡ್ಡ ನಾಯಿ. ವರ್ಷವಿಡೀ ನಾನು ಕಾಯುವ ದಿನಗಳಿವು.

ನಮ್ಮ ಕಡೆ ನೆಂಟರು ಗೇಟಿನಲ್ಲಿ ನಿಂತು ಮೊದಲು ಕೇಳುವುದು ಒಂದೇ ಮಾತು. "ನಾಯಿ ಕಟ್ಟಿದ್ದೀರಾ?" 2019ರಲ್ಲಿ ಗುಂಡನಿಗೆ ಒಂದು ವರ್ಷ. ಆ ಸಲ ನಾವೂ ಕಟ್ಟಿದ್ದೆವು. ಟೆರೇಸಿನ ಮೇಲೆ, ನೀರಿನ ಟ್ಯಾಂಕಿನ ಕಂಬಕ್ಕೆ. ಕೆಳಗೆ ಎಲೆ ಹಾಕಿ ಬಡಿಸುತ್ತಿದ್ದೆವು, ಮೇಲಿಂದ ಅವನು ಅಳುತ್ತಿದ್ದ. ಬೊಗಳಿದರೆ ಸಹಿಸಬಹುದು, ಅವನು ಅಳುತ್ತಿದ್ದ. ಊಟ ಮುಗಿಸಿ ಮೇಲೆ ಹೋದಾಗ ಕುತ್ತಿಗೆಯ ಸುತ್ತ ಕೂದಲು ಸವೆದು ಚರ್ಮ ಕೆಂಪಾಗಿತ್ತು. ಮನೆ ತುಂಬ ಜನ, ನಗು, ಅಡುಗೆಯ ಪರಿಮಳ. ಅವನಿಗೆ ಮಾತ್ರ ಯಾಕೆ ಇವತ್ತು ಈ ಶಿಕ್ಷೆ ಎಂದು ಯಾರು ಹೇಳಬೇಕು? ಅಲ್ಲೇ ಕೂತು ಅವನ ಕುತ್ತಿಗೆಗೆ ಕೊಬ್ಬರಿ ಎಣ್ಣೆ ಹಚ್ಚುತ್ತಾ ನಿರ್ಧಾರ ಮಾಡಿದೆ. ಇನ್ನು ಮೇಲೆ ಈ ಮನೆಯಲ್ಲಿ ಹಬ್ಬ ಅಂದರೆ ಅವನಿಗೂ ಹಬ್ಬವೇ.

ಹಾಗೆ ನಿರ್ಧರಿಸುವುದು ಸುಲಭ. ಅದನ್ನು ನಡೆಸಲು ಏನೇನು ಬೇಕು ಅಂತ ಕಲಿಯಲು ನಾಲ್ಕು ವರ್ಷ ಹಿಡಿಯಿತು. ಅದರಲ್ಲಿ ಒಂದು ಪಾಠ ತುಂಬ ದುಬಾರಿಯಾಯಿತು.

2021ರ ಕ್ರಿಸ್‌ಮಸ್ ದಿನ. ಪಕ್ಕದ ಮನೆಯ ಆಂಟಿ ಪ್ರತಿ ವರ್ಷದಂತೆ ಕೇಕ್ ಕಳಿಸಿದ್ದರು. ಒಣದ್ರಾಕ್ಷಿ ತುಂಬಿದ ಕಪ್ಪು ಕೇಕ್. ಊಟದ ಮೇಜಿನ ನಡುವೆ ಇಟ್ಟು, ಅವರಿಗೆ ಹಬ್ಬದ ಶುಭಾಶಯ ಹೇಳಲು ಗೇಟಿನವರೆಗೆ ಹೋದೆ. ಐದು ನಿಮಿಷ ಅಷ್ಟೇ. ವಾಪಸ್ ಬಂದಾಗ ಮೇಜಿನ ಮೇಲೆ ಬರೀ ತಟ್ಟೆ. ಗುಂಡನ ಮೂತಿಯ ಮೇಲೆ ಪುಡಿ. ಅರ್ಧ ಕಿಲೋ ಕೇಕ್ ಹೊಟ್ಟೆಯಲ್ಲಿತ್ತು.

"ದ್ರಾಕ್ಷಿ ತಾನೇ, ಏನಾಗಲ್ಲ ಬಿಡು" ಎಂದರು ಮನೆಯಲ್ಲಿದ್ದ ನೆಂಟರೊಬ್ಬರು. ನನಗೂ ಹಾಗೇ ಅನ್ನಿಸಬಹುದಿತ್ತು. ಆದರೆ ಎಲ್ಲೋ ಓದಿದ್ದು ನೆನಪಾಗಿ ಡಾಕ್ಟರಿಗೆ ಫೋನ್ ಮಾಡಿದೆ. "ಈಗಲೇ ಕರ್ಕೊಂಡು ಬನ್ನಿ, ಕಾಯಬೇಡಿ" ಎಂದರು. ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಿದರು. ಎರಡು ದಿನ ಡ್ರಿಪ್. ಕಿಡ್ನಿಗೆ ಪೆಟ್ಟು ಬಿದ್ದಿದೆಯೋ ಇಲ್ಲವೋ ನೋಡಲು ಮತ್ತೆ ಮತ್ತೆ ರಕ್ತ ಪರೀಕ್ಷೆ. ದ್ರಾಕ್ಷಿ ಹಸಿಯಾಗಿರಲಿ, ಒಣಗಿದ್ದಾಗಿರಲಿ, ನಾಯಿಯ ಕಿಡ್ನಿಯನ್ನು ಒಂದೆರಡು ದಿನಗಳಲ್ಲೇ ಕೆಡಿಸಬಲ್ಲದು. ಎಷ್ಟು ತಿಂದರೆ ಅಪಾಯ ಎನ್ನುವ ಲೆಕ್ಕವೂ ಇಲ್ಲ. ಒಂದು ನಾಯಿ ಹಿಡಿ ತುಂಬ ತಿಂದು ಆರಾಮಾಗಿರುತ್ತದೆ, ಇನ್ನೊಂದು ನಾಲ್ಕಾರಕ್ಕೇ ಮಲಗಿಬಿಡುತ್ತದೆ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲ ಇದಕ್ಕೆ ಕಾರಣ ಎಂದು ಈಗ ಪಶುವೈದ್ಯರು ಬಲವಾಗಿ ಶಂಕಿಸುತ್ತಾರೆ. ಅದೇ ಆಮ್ಲ ಹುಣಸೆಹಣ್ಣಿನಲ್ಲೂ ಧಾರಾಳವಾಗಿದೆ. ಇದನ್ನು ಕೇಳಿದ ದಿನ ನಾನು ಅಡುಗೆಮನೆಯ ನಡುವೆ ನಿಂತು ಸುತ್ತ ನೋಡಿದೆ. ಸಿಹಿ ಹುಗ್ಗಿಯಲ್ಲಿ ದ್ರಾಕ್ಷಿ, ಪಾಯಸದಲ್ಲಿ ದ್ರಾಕ್ಷಿ, ಕೇಸರಿಬಾತಿನಲ್ಲಿ ದ್ರಾಕ್ಷಿ. ಪುಳಿಯೋಗರೆ ಗೊಜ್ಜಿನಲ್ಲಿ, ಸಾರಿನಲ್ಲಿ ಹುಣಸೆ. ಚಾಕೊಲೇಟ್ ಕೆಟ್ಟದ್ದು ಅಂತ ಎಲ್ಲರಿಗೂ ಗೊತ್ತು. ನಮ್ಮದೇ ಹಬ್ಬದ ಅಡುಗೆ ಬಗ್ಗೆ ನಮಗೆ ಯಾರೂ ಹೇಳಿರಲಿಲ್ಲ.

ಗುಂಡ ಉಳಿದ. ಡಿಸೆಂಬರ್ 28ಕ್ಕೆ ಮನೆಗೆ ಬಂದವನು ಮೊದಲು ಹೋಗಿ ಮೂಸಿದ್ದು ಅದೇ ಮೇಜನ್ನು.

ಅವನನ್ನು ಬೈಯುವಂತಿಲ್ಲ. ಲ್ಯಾಬ್ರಡಾರ್‌ಗಳ ಹಸಿವಿನ ಬಗ್ಗೆ 2016ರಲ್ಲಿ ಕೇಂಬ್ರಿಡ್ಜ್‌ನ ವಿಜ್ಞಾನಿಗಳು ಒಂದು ವಿಷಯ ಕಂಡುಹಿಡಿದರು. ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರ್‌ನಲ್ಲಿ ಹೊಟ್ಟೆ ತುಂಬಿತು ಎಂದು ಮಿದುಳಿಗೆ ತಿಳಿಸುವ ಜೀನಿನ ಒಂದು ಚೂರು ಇರುವುದೇ ಇಲ್ಲ. ಅದರ ಹೆಸರು ಪಿಒಎಂಸಿ. ಗುಂಡ ಆ ನಾಲ್ಕರಲ್ಲಿ ಒಬ್ಬನೋ ನನಗೆ ಗೊತ್ತಿಲ್ಲ. ಆದರೆ ಅವನ ಕಣ್ಣಲ್ಲಿ ಕಾಣುವ ಹಸಿವು ನಾಟಕವಲ್ಲ ಎಂದು ಅದನ್ನು ಓದಿದ ಮೇಲೆ ನಂಬಿದ್ದೇನೆ. ಹಸಿದವನ ಮುಂದೆ ಕೇಕ್ ಇಟ್ಟು ಹೋದದ್ದು ನಾನು.

ಆಮೇಲೆ ಬಡಗಿಯನ್ನು ಕರೆಸಿ ಅಡುಗೆಮನೆಗೂ ಊಟದ ಜಾಗಕ್ಕೂ ಸೊಂಟದೆತ್ತರದ ಒಂದು ಮರದ ಗೇಟು ಮಾಡಿಸಿದೆವು. ಕಂಬಿಗಳ ನಡುವೆ ಎಲ್ಲ ಕಾಣುತ್ತದೆ, ದಾಟಲು ಆಗುವುದಿಲ್ಲ. ನಾವು ಉಣ್ಣುವಾಗ ನಾಯಿಗಳು ಆ ಕಡೆ ಮಲಗಿ ನಮ್ಮನ್ನೇ ನೋಡುತ್ತಿರುತ್ತಾರೆ. ಟೆರೇಸಿಗೂ ಇದಕ್ಕೂ ಇರುವ ವ್ಯತ್ಯಾಸ ಅಷ್ಟೇ, ನಾವು ಅವರಿಗೆ ಕಾಣುತ್ತೇವೆ. ಅವರಿಗೆ ಬೇಕಿದ್ದದ್ದೂ ಅಷ್ಟೇ. ಆಂಟಿ ಈಗಲೂ ಕೇಕ್ ಕೊಡುತ್ತಾರೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಕೈಯಿಂದ ಕೈಗೆ. ಜೊತೆಗೆ ಗುಂಡನಿಗೆ ಅಂತ ಬೇಯಿಸಿದ ಸಿಹಿಗೆಣಸಿನ ನಾಲ್ಕು ಹೋಳು.

ಚೆನ್ನಿ ಬಂದದ್ದು 2022ರಲ್ಲಿ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ, ಅಲ್ಲಿಂದ ತಂದ ಮರಿ. ಈಗ ನಿಂತರೆ ನನ್ನ ತೊಡೆಗೆ ಬರುತ್ತಾಳೆ. ಉದ್ದ ಕಾಲು, ಒಳಗೆ ಎಳೆದುಕೊಂಡ ಹೊಟ್ಟೆ, ಎಣಿಸಬಹುದಾದ ಪಕ್ಕೆಲುಬು. ಮುಧೋಳ ಬಾಗಲಕೋಟೆಯ ಬಿಸಿಲ ನಾಡು. ಅಲ್ಲಿ ಮೊಲದ ಹಿಂದೆ ಓಡಲು ಬೆಳೆದ ತಳಿಯಿದು. ಮೈ ಮೇಲೆ ಕೊಬ್ಬಿಲ್ಲ, ಕೂದಲು ರೇಷ್ಮೆಯಂತೆ ತೆಳ್ಳಗೆ. ಮೈಸೂರಿನ ಡಿಸೆಂಬರ್ ಚಳಿ ನಮಗೆ ಹಿತ, ಅವಳಿಗೆ ಕಷ್ಟ. ಮೊದಲ ಚಳಿಗಾಲದಲ್ಲಿ ಅವಳು ನಡುಗುವುದನ್ನು ನೋಡಿ ಜ್ವರ ಬಂದಿದೆ ಅಂದುಕೊಂಡಿದ್ದೆ. ಅಮ್ಮ ಒಂದು ಹಳೆ ಸ್ವೆಟರಿನ ತೋಳು ಕತ್ತರಿಸಿ, ಎದೆಯ ಹತ್ತಿರ ಅಗಲ ಮಾಡಿ ಹೊಲಿದು ಕೊಟ್ಟರು. ಇದೇ ಅಮ್ಮ ಮೊದಮೊದಲು ಬಂದಾಗ "ನಾಯಿ ಬಾಗಿಲಾಚೆ ಇರಬೇಕು ಕಣವ್ವ" ಎನ್ನುತ್ತಿದ್ದರು. ಅಮ್ಮನ ಮಾತು ಒಂದೇ ದಿನಕ್ಕೆ ಬದಲಾಗಲಿಲ್ಲ. ಸ್ವೆಟರ್ ಹೊಲಿದ ವರ್ಷವೂ ಚೆನ್ನಿ ದೇವರ ಕೋಣೆಯ ಹೊಸ್ತಿಲ ಹತ್ತಿರ ಬಂದರೆ ಗದರುತ್ತಿದ್ದರು. ನಾನು ವಾದ ಮಾಡಲಿಲ್ಲ. ಮಡಿ ಅವರದು, ಆ ಹೊಸ್ತಿಲೂ ಅವರದು. ನಾಯಿಗಳಿಗೆ ಅಲ್ಲಿ ನಿಲ್ಲುವುದನ್ನು ಕಲಿಸಿದೆವು, ಅಷ್ಟೇ.

ಬೆಳಗಿನ ವಿಷಯಕ್ಕೆ ಮರಳುತ್ತೇನೆ. ನಾಲ್ಕೂ ಮುಕ್ಕಾಲಿಗೆ ನಾವು ಹೊರಡುತ್ತಿದ್ದೆವು. ಅಮ್ಮ ಶಾಲು ಹೊದ್ದು ಮುಂದೆ. ನಾನು ಎರಡೂ ಕೈಯಲ್ಲಿ ಎರಡು ಹಗ್ಗ ಹಿಡಿದು ಹಿಂದೆ. ಬೀದಿದೀಪದ ಸುತ್ತ ಮಂಜು. ಎರಡು ರಸ್ತೆ ದಾಟಿದರೆ ದೇವಸ್ಥಾನ. ಅಮ್ಮ ಮೆಟ್ಟಿಲ ಪಕ್ಕ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದರು. ನಾನು, ಗುಂಡ, ಚೆನ್ನಿ ಹೊರಗೆ. ಗುಂಡ ಅಮ್ಮನ ಚಪ್ಪಲಿಯ ಹತ್ತಿರ ಕೂತುಬಿಡುತ್ತಿದ್ದ. ಒಳಗೆ ಗಂಟೆ, ತಿರುಪ್ಪಾವೈ, ಕರ್ಪೂರದ ವಾಸನೆ. ಮನೆಯಲ್ಲಿ ಒಂದು ನಿಮಿಷ ಸುಮ್ಮನಿರದವನು ಅಲ್ಲಿ ಇಪ್ಪತ್ತು ನಿಮಿಷ ಕದಲುತ್ತಿರಲಿಲ್ಲ. ಹೊರಗೆ ಬಂದ ಅಮ್ಮನ ಕೈಯಲ್ಲಿ ಮೆಣಸು, ತುಪ್ಪ ಹಾಕಿದ ಹುಗ್ಗಿಯ ದೊನ್ನೆ. ಅದು ನನಗೆ. ಸೆರಗಿನ ತುದಿಯ ಗಂಟಿನಲ್ಲಿ ಕ್ಯಾರೆಟ್ ತುಂಡು. ಅದು ಗುಂಡನಿಗೆ. ಕ್ಯಾರೆಟ್ ಚೆನ್ನಿಗೆ ಬೇಡ. ಅವಳು ಅಮ್ಮನ ಶಾಲಿನ ಕೆಳಗೆ ತಲೆ ತೂರಿಸಿ ನಿಲ್ಲುತ್ತಿದ್ದಳು.

ಅಲ್ಲಿಂದ ಅಮ್ಮ ಮನೆಗೆ, ನಾವು ರಿಂಗ್ ರೋಡಿನಾಚೆಯ ಖಾಲಿ ಲೇಔಟಿಗೆ. ಹಬ್ಬದ ಮನೆಯಲ್ಲಿ ದೊಡ್ಡ ನಾಯಿಗಳು ನೆಮ್ಮದಿಯಾಗಿರಬೇಕಾದರೆ ಮೊದಲು ಅವು ಓಡಬೇಕು. ಇದಕ್ಕೆ ಬೇರೆ ದಾರಿ ಇಲ್ಲ. ಚೆನ್ನಿಗೆ ಮೂವತ್ತು ಅಡಿ ಹಗ್ಗ ಕಟ್ಟಿಯೇ ಓಡಿಸುತ್ತೇನೆ. ಕಣ್ಣಿನಿಂದ ಬೇಟೆ ಹಿಡಿಯುವ ತಳಿ. ದೂರದಲ್ಲಿ ಒಂದು ನವಿಲು ಅಲ್ಲಾಡಿದರೆ ನನ್ನ ಕೂಗು ಅವಳ ಕಿವಿಗೆ ಬೀಳುವುದೇ ಇಲ್ಲ. ನಲವತ್ತು ನಿಮಿಷ ಓಡಿ ಬಂದ ಮೇಲೆ ಒಂದು ಗಂಟೆ ವಿಶ್ರಾಂತಿ, ಆಮೇಲೆ ಊಟ, ಮತ್ತೆ ನಿದ್ದೆ. ಆಳವಾದ ಎದೆಯ ದೊಡ್ಡ ನಾಯಿಗಳು ಹೊಟ್ಟೆ ತುಂಬ ತಿಂದು ಕುಣಿದರೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಇರುತ್ತದೆ. ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಹಾಗಾಗಿ ನೆಂಟರು ಬರುವ ಹೊತ್ತಿಗೆ ಇವರ ಊಟ ಮುಗಿದು ಇಬ್ಬರೂ ಮಲಗಿರಬೇಕು ಎನ್ನುವುದು ನಮ್ಮ ಲೆಕ್ಕ.

ಅಕ್ಕನ ಚಿಕ್ಕ ಮಗನಿಗೆ ಆರು ವರ್ಷ. ಹಿಂದೊಮ್ಮೆ ಬೀದಿ ನಾಯಿ ಅಟ್ಟಿಸಿಕೊಂಡು ಬಂದು ಬಿದ್ದು ಮೊಣಕಾಲು ಒಡೆದುಕೊಂಡಿದ್ದ. ನಮ್ಮ ಮನೆಯೊಳಗೆ ಬಂದವನು ಭಾವನ ಕತ್ತು ಬಿಡಲಿಲ್ಲ. ಎಲ್ಲರದೂ ಒಂದೇ ಮಾತು. "ಏನೂ ಮಾಡಲ್ಲ, ಬಾ ಮುಟ್ಟು." ನಾನು ಅದನ್ನು ನಿಲ್ಲಿಸಿದೆ. ಹೆದರಿದ ಮಗುವಿಗೆ ಏನೂ ಮಾಡಲ್ಲ ಅಂದರೆ ನಿನ್ನ ಹೆದರಿಕೆ ಸುಳ್ಳು ಅಂದ ಹಾಗೆ. ಅವನ ಹೆದರಿಕೆ ನಿಜವಾಗಿತ್ತು. ಗುಂಡನ ತಲೆ ಅವನ ಎದೆಯಷ್ಟು ಎತ್ತರ, ತೂಕ ಅವನಿಗಿಂತ ಜಾಸ್ತಿ. ಪ್ರೀತಿಯಿಂದ ನುಗ್ಗಿದರೂ ಅವನು ಬೀಳುತ್ತಾನೆ.

"ನೀನು ಮುಟ್ಟೋದು ಬೇಡ ಪುಟ್ಟ. ಅವರು ಗೇಟಿನಾಚೆ ಇರ್ತಾರೆ. ನೀನು ಎಲ್ಲಿ ಬೇಕೋ ಅಲ್ಲಿ ಕೂತ್ಕೋ" ಎಂದೆ.

ಮೊದಲ ದಿನ ಮಹಡಿ ಮೆಟ್ಟಿಲಿನ ಐದನೇ ಮೆಟ್ಟಿಲಲ್ಲಿ ಕೂತ. ಮರುದಿನ ಮೂರನೆಯದರಲ್ಲಿ. ಗುಂಡ ಗೇಟಿನ ಸಂದಿಯಿಂದ ಮೂಗು ಹಾಕಿ ಬಾಲ ಬಡಿಯುತ್ತಲೇ ಇದ್ದ. ಆ ಉತ್ಸಾಹವೇ ಮಗುವಿಗೆ ಭಯ. ಚೆನ್ನಿ ಮಾತ್ರ ಅವನ ಕಡೆ ತಿರುಗಿಯೂ ನೋಡಲಿಲ್ಲ. ಅವಳ ಸ್ವಭಾವವೇ ಹಾಗೆ, ಹೊಸಬರ ಹತ್ತಿರ ತಾನಾಗಿ ಹೋಗುವುದಿಲ್ಲ. ಅದು ಅವನಿಗೆ ಧೈರ್ಯ ಕೊಟ್ಟಿತು. ಮೂರನೇ ದಿನ ಗೇಟಿನ ಹತ್ತಿರವೇ ಕೂತು ಅವಳನ್ನು ತುಂಬ ಹೊತ್ತು ನೋಡಿ ಕೇಳಿದ, "ಚಿಕ್ಕಮ್ಮ, ಇದಕ್ಕೆ ಊಟ ಹಾಕಲ್ವಾ?"

ನಾನು ಅವನ ಪಕ್ಕ ನೆಲದ ಮೇಲೆ ಕೂತೆ. ಓಡುವ ನಾಯಿ ಹೀಗೇ ಇರಬೇಕು, ಕೊನೆಯ ಎರಡು ಮೂರು ಪಕ್ಕೆಲುಬು ಕಂಡರೇ ಆರೋಗ್ಯ ಎಂದೆ. ಮುಧೋಳದ ರಾಜ ಘೋರ್ಪಡೆಯವರು ಈ ತಳಿಯನ್ನು ಉಳಿಸಿ ಬೆಳೆಸಿದ್ದು, ಇಂಗ್ಲೆಂಡಿನ ರಾಜ ಐದನೇ ಜಾರ್ಜ್‌ಗೆ ಒಂದು ಜೋಡಿ ಕಾಣಿಕೆ ಕೊಟ್ಟದ್ದು, ಇವಳ ಬಂಧುಗಳು ಸೇನೆಯಲ್ಲೂ ತರಬೇತಿ ಪಡೆದದ್ದು, ಎಲ್ಲ ಹೇಳಿದೆ. ಮಗಳು 2005ರ ಮುಧೋಳ ನಾಯಿಯ ಅಂಚೆಚೀಟಿ ತಂದು ತೋರಿಸಿದಳು. ಅವನು ಚೀಟಿಯನ್ನೂ ಚೆನ್ನಿಯನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿದ. "ಕಿವಿ ಅದೇ" ಎಂದ.

ಆ ಸಲ ದತ್ತ ಜಯಂತಿ ಕ್ರಿಸ್‌ಮಸ್‌ನ ಮರುದಿನವೇ ಬಂತು. ಅಮ್ಮನ ಹತ್ತಿರ ದತ್ತಾತ್ರೇಯನ ಒಂದು ಹಳೆ ಪಟವಿದೆ. ಮೂರು ಮುಖ, ಹಿಂದೆ ಹಸು, ಕಾಲ ಬಳಿ ನಾಲ್ಕು ನಾಯಿ. ಆ ನಾಲ್ಕು ನಾಲ್ಕು ವೇದಗಳು ಎನ್ನುತ್ತಾರೆ. ಅಮ್ಮ ಪೂಜೆ ಮುಗಿಸಿ ಪಟ ಒರೆಸುತ್ತಿದ್ದಾಗ ಹುಡುಗ ಕೇಳಿದ, "ಅಜ್ಜಿ, ದೇವರ ಮನೇಲಿ ಅವು ಒಳಗಿದಾವಲ್ಲ?" ಅಮ್ಮ ಉತ್ತರ ಕೊಡಲಿಲ್ಲ. ಆದರೆ ಮಧ್ಯಾಹ್ನ ರಾಗಿ ಮುದ್ದೆ ತೊಳಸುವಾಗ ಕೊನೆಗೆ ಎರಡು ಸಣ್ಣ ಮುದ್ದೆ ಬೇರೆ ತೆಗೆದಿಟ್ಟರು. ಈರುಳ್ಳಿ, ಬೆಳ್ಳುಳ್ಳಿ, ಹುಣಸೆ ಏನೂ ಸೋಕದಂತೆ. ಆರಿಸಿ, ಮೊಸರು ಹಾಕಿ, ಗೇಟಿನಾಚೆ ತಾವೇ ಹೋಗಿ ಇಟ್ಟರು. ಅಲ್ಲಿಂದ ಸಂಕ್ರಾಂತಿವರೆಗೆ ಅದು ತಪ್ಪಲಿಲ್ಲ.

ಹೊಸ ವರ್ಷದ ಹಿಂದಿನ ರಾತ್ರಿ ಮಾತ್ರ ಕಷ್ಟದ್ದು. ಹನ್ನೆರಡು ಗಂಟೆಗೆ ಬಡಾವಣೆಯ ಎಲ್ಲ ಕಡೆಯಿಂದ ಪಟಾಕಿ. ನಮ್ಮ ಕಿವಿ 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿದರೆ ನಾಯಿಯ ಕಿವಿ 45,000ದ ಆಸುಪಾಸಿನವರೆಗೂ ಕೇಳುತ್ತದೆ. ನಮಗೆ ಸಂಭ್ರಮದ ಸದ್ದು ಅವಕ್ಕೆ ತಲೆ ಒಳಗೇ ಸಿಡಿದ ಹಾಗೆ. ಹತ್ತು ಗಂಟೆಗೇ ಕಿಟಕಿ ಮುಚ್ಚಿ, ಪರದೆ ಎಳೆದು, ಫ್ಯಾನ್ ಜೋರಾಗಿ ಹಾಕಿ, ನಡುಕೋಣೆಯಲ್ಲಿ ಹಾಸಿಗೆ ಹಾಸಿದೆವು. ಬಾಗಿಲಿಗೆ ಎರಡೂ ಚಿಲಕ. ಹೆದರಿದ ಮುಧೋಳ ನಾಯಿ ಒಮ್ಮೆ ಗೇಟು ದಾಟಿತೆಂದರೆ ಹಿಡಿಯಲು ಆಗುವುದಿಲ್ಲ. ಚೆನ್ನಿ ನನ್ನ ಮಡಿಲಿಗೆ ಬಂದು ಮುದುಡಿ ಕೂತಳು. ಅವಳ ಎದೆ ಬಡಿತ ನನ್ನ ತೊಡೆಗೆ ತಿಳಿಯುತ್ತಿತ್ತು. ಹುಡುಗ ನಿದ್ದೆಗಣ್ಣಲ್ಲಿ ಎದ್ದು ಬಂದ. ಬಾಗಿಲಲ್ಲೇ ನಿಂತು, "ಅದಕ್ಕೂ ಭಯ ಆಗುತ್ತಾ?" ಎಂದ. ಆಗುತ್ತೆ ಎಂದೆ. ಬಂದು ನನ್ನ ಇನ್ನೊಂದು ಪಕ್ಕ ಕೂತ. ಅವಳನ್ನು ಮುಟ್ಟಲಿಲ್ಲ. ತನ್ನ ಕಂಬಳಿಯ ತುದಿಯನ್ನು ಅವಳ ಕಾಲ ಮೇಲೆ ಎಳೆದ.

ಸಂಕ್ರಾಂತಿ ಆ ವರ್ಷ ಜನವರಿ 15ಕ್ಕೆ. ಹಿಂದಿನ ದಿನವೆಲ್ಲ ಕೊಬ್ಬರಿ, ಬೆಲ್ಲ ಹೆಚ್ಚುವುದು, ಕಡಲೆಕಾಯಿ ಹುರಿದು ಸಿಪ್ಪೆ ಬಿಡಿಸುವುದು. ಮನೆ ತುಂಬ ಎಳ್ಳಿನ ಘಮ. ಎಲ್ಲ ಕೆಲಸ ಗೇಟಿನೊಳಗೆ, ಕಬ್ಬಿನ ಜಲ್ಲೆಯೂ ಅಲ್ಲೇ. ಅಗಿದು ಉಗುಳಿದ ಕಬ್ಬಿನ ಸಿಪ್ಪೆಗೆ ಸಿಹಿ ಇರುತ್ತದೆ, ನಾಯಿ ನುಂಗಿದರೆ ಕರುಳಲ್ಲಿ ಸಿಕ್ಕಿಕೊಳ್ಳುತ್ತದೆ. ಮಕ್ಕಳಿಗೆ ಒಂದು ಬಕೆಟ್ ಕೊಟ್ಟು ಅದರಲ್ಲೇ ಉಗುಳಬೇಕು ಎಂದು ಹೇಳಿದ್ದೆವು. ರಂಗೋಲಿಯನ್ನು ನಾಯಿಗಳು ಓಡಿ ಬಂದ ಮೇಲೆ, ಗೇಟಿನ ಹೊರಗೆ ಬಿಟ್ಟೆವು. ದೀಪಗಳೆಲ್ಲ ಗುಂಡನ ಬಾಲಕ್ಕಿಂತ ಎತ್ತರದಲ್ಲಿ.

ಊರಲ್ಲಿ ಈ ದಿನ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಸಂಜೆ ಕಿಚ್ಚು ಹಾಯಿಸುತ್ತಾರೆ. ಹಳೇ ಮೈಸೂರಿನ ಕಡೆಗೆ ಸಂಕ್ರಾಂತಿ ಅಂದರೆ ದನಗಳ ಹಬ್ಬವೇ. ಅಮ್ಮನಿಗೆ ಅದರ ನೆನಪು ಬಂದಿರಬೇಕು. ಹತ್ತು ಗಂಟೆ ಬಿಸಿಲಿಗೆ ಗುಂಡನನ್ನು ಹಿತ್ತಲಿಗೆ ಕರೆದರು. ಉಗುರುಬೆಚ್ಚಗಿನ ನೀರು ಹುಯ್ದು ಮೈ ಉಜ್ಜಿದರು. ಅವನು ಕೊಡವಿದ ನೀರಿಗೆ ಅಮ್ಮನ ಸೀರೆಯೆಲ್ಲ ಒದ್ದೆ. "ನಿಂತ್ಕೋ ಬಸವ" ಎಂದರು. ಒರೆಸಿ, ಹಣೆಗೆ ಅರಿಶಿನ ಕುಂಕುಮ ಇಟ್ಟರು. ಚೆನ್ನಿ ನೀರು ಕಂಡೇ ಓಡಿ ಹೋಗಿದ್ದಳು. ಅವಳ ಪಾಲಿನ ಕುಂಕುಮವನ್ನು ಹುಡುಗ ಬೆರಳಲ್ಲಿ ಹಿಡಿದು ಹತ್ತು ನಿಮಿಷ ಹಿಂದೆ ಹಿಂದೆ ನಡೆದ. ಕೊನೆಗೆ ಅವಳು ಸೋಫಾದ ಮೇಲೆ ಕೂತಾಗ, ಕೈ ಚಾಚಿ, ಎರಡು ಕಣ್ಣಿನ ನಡುವೆ ಇಟ್ಟ. ಸ್ವಲ್ಪ ಓರೆಯಾಗಿತ್ತು. ನಾವ್ಯಾರೂ ಸರಿ ಮಾಡಲಿಲ್ಲ.

ಸಂಜೆ ಎಳ್ಳು ಬೀರಲು ಹೊರಟೆವು. ಮಗಳು ರೇಷ್ಮೆ ಲಂಗ ಹಾಕಿ ತಟ್ಟೆ ಹಿಡಿದಳು. ಪಕ್ಕದ ಆಂಟಿ ಗೇಟಲ್ಲೇ ನಿಂತಿದ್ದರು. ಎಳ್ಳು ಬೆಲ್ಲ ತೆಗೆದುಕೊಂಡು, ಗುಂಡನ ಹಣೆ ನೋಡಿ, "ಏನೋ ಗುಂಡ, ಇವತ್ತು ನಿಂದೇ ಹಬ್ಬನಾ" ಎಂದರು.

ಜನವರಿ 16ಕ್ಕೆ ಅಕ್ಕನ ಮನೆಯವರು ಹೊರಟರು. ಅಂದೇ ಮಧ್ಯಾಹ್ನದ ಬಸ್ಸಿಗೆ ಅಮ್ಮನೂ. ಧನುರ್ಮಾಸ ಮುಗಿದಿತ್ತು. ಮರುದಿನ ನಾಲ್ಕೂವರೆಗೆ ಏಳುವ ಕೆಲಸ ನನಗಿರಲಿಲ್ಲ. ಆದರೂ ಕಿವಿ ಬಡಿಯುವ ಸದ್ದಿಗೆ ಎಚ್ಚರವಾಯಿತು. ಗುಂಡ ಅಮ್ಮನ ಕೋಣೆಯ ಮುಂದೆ ನಿಂತಿದ್ದ. ಬಾಗಿಲು ತೆರೆದೇ ಇತ್ತು, ಹಾಸಿಗೆ ಸುತ್ತಿಟ್ಟಿತ್ತು. ಒಳಗೆ ಹೋಗಿ ಮೂಸಿ ಬಂದ. ಮತ್ತೆ ನಿಂತ.

ಶಾಲು ಹೊದ್ದು, ಚೆನ್ನಿಗೆ ಸ್ವೆಟರ್ ಹಾಕಿ, ಎರಡು ಹಗ್ಗ ಹಿಡಿದು ಹೊರಟೆ. ದೇವಸ್ಥಾನದ ಬಾಗಿಲು ಇನ್ನೂ ತೆಗೆದಿರಲಿಲ್ಲ. ಬೀದಿದೀಪ, ಮಂಜು, ಮೆಟ್ಟಿಲು. ಗುಂಡ ಚಪ್ಪಲಿ ಬಿಡುವ ಜಾಗ ಹುಡುಕಿಕೊಂಡು ಹೋಗಿ ಅಲ್ಲೇ ಕೂತ, ಮುಚ್ಚಿದ ಬಾಗಿಲ ಕಡೆ ಮುಖ ಮಾಡಿ. ನನ್ನ ಜೇಬಿನಲ್ಲಿ ಒಂದು ಕ್ಯಾರೆಟ್ ಇತ್ತು. ಕೊಟ್ಟೆ. ತೆಗೆದುಕೊಂಡು ಬಾಯಲ್ಲೇ ಹಿಡಿದು ಕೂತ, ತಿನ್ನಲಿಲ್ಲ. ಚೆನ್ನಿ ನನ್ನ ಶಾಲಿನ ಕೆಳಗೆ ತಲೆ ತೂರಿಸಿದಳು. ಹಾಲಿನ ಗಾಡಿ ಬರುವವರೆಗೂ ನಾವು ಮೂವರೂ ಅಲ್ಲೇ ಇದ್ದೆವು.